ಸವತೆಕಾಯಿಯ ತುದಿ

ಆ ಮನೆಯಲ್ಲಿ ನೀರಿಳಿಯಲೆಂದು ಬಟ್ಟೆಯಲ್ಲಿ ಕಟ್ಟಿದ ಮೊಸರಿನ ಗಂಟು ತೂಗುಬಿದ್ದದ್ದು ಕಿಟಕಿಯ ಸರಳಿಗೋ ಬಾಗಿಲ ಚಿಲಕಕ್ಕೋ, ಊಟ ಮುಗಿಸಿ ಹತ್ತಿದ ಬಸ್ಸು ಸಿರುಗುಪ್ಪ ಮುಟ್ಟುವ ಮೊದಲೇ ನನಗೆ ಗೊಂದಲ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದದ್ದು ಮಾತ್ರ ನಿಜ. ದೇಶನೂರಿನಲ್ಲಿ ನಾನು ಊಟಕ್ಕಿಳಿದ ಮನೆ ಅದು. ಹಲ್ಲು ಕೀಳಿಸಿಕೊಂಡ ಮೇಲೆ ಆ ಮನೆಯ ಅತ್ತೆ ಬಸಮ್ಮ ರೊಟ್ಟಿಯನ್ನೂ ಬಿಟ್ಟಿದ್ದರು, ಅಡುಗೆಮನೆಯನ್ನೂ ಬಿಟ್ಟಿದ್ದರು. ಹೇಗಾದರೂ ಒಂದು ರೊಟ್ಟಿ ತಿನ್ನಿಸಬೇಕೆಂದು ಸೊಸೆ ರೇಣುಕಾ ಗಟ್ಟಿ ಮೊಸರಿನ ಪಚ್ಚಡಿ ಮಾಡಲು ಕೂತಿದ್ದಳು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿಟ್ಟಾಗಿತ್ತು. ಸವತೆಕಾಯಿ ತುರಿಯುವ ಮೊದಲು ಹಿರಿಯರು ತುದಿ ನೆಕ್ಕಿ ಕಹಿ ನೋಡುವುದು ಆ ಮನೆಯ ರೂಢಿ. ರೇಣುಕಾ ತುದಿ ಕೊಯ್ದು ಪಡಸಾಲೆಗೆ ಒಯ್ದಳು.

“ಹಲ್ಲಿಲ್ಲದಾಕಿನ್ನ ಕೇಳ್ತೀಯೇನು?” ಎಂದರು ಬಸಮ್ಮ.

“ನಾಲಿಗಿ ಐತಲ್ರಿ ಅತ್ತಿ, ದಿನಾ ನನ್ ಮ್ಯಾಲ ಓಡಾಡ್ತೈತಿ.”

ಬಸಮ್ಮ ನೆಕ್ಕಿ ಮುಖ ಕಿವುಚಿದರು. “ಥೂ, ಕಹಿ! ಎಮ್ಮಿಗೆ ಹಾಕು. ಕಾಯಿ ಆರ್ಸಾಕೂ ಬರಲ್ಲ ನಿನಗ, ಸರಿ ಅತ್ಲಾಗ.” ಎದ್ದು ಒಳಗೆ ಬಂದು ಬುಟ್ಟಿಯನ್ನು ತಾವೇ ಎಳೆದುಕೊಂಡರು. ಬೇರೆ ಕಾಯಿ ತುರಿದು, ಹಿಂಡಿ, ಮೊಸರಿಗೆ ಕಲಸಿದವರೂ ಅವರೇ. ರೊಟ್ಟಿ ಮುರಿದು ಅದರಲ್ಲಿ ನೆನೆಸಿ ತಿಂದೇ ತಿಂದರು.

ಮೊದಲ ಕಾಯಿಯನ್ನು ಎಮ್ಮೆ ಒಂದೇ ಬಾಯಿಗೆ ಮುಗಿಸಿಬಿಟ್ಟಿತ್ತು. ಅದು ನಿಜಕ್ಕೂ ಕಹಿಯಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.