ಅಪ್ಪ ಕುಡಿದ ಜಿನ್ಸೆಂಗ್

ಹೃದಯದ ಕವಾಟ ಬದಲಾಯಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ಅಪ್ಪ ದಿನವೂ ಒಂದು ಮಾತ್ರೆ ನುಂಗಬೇಕಾಯಿತು. ಸೇಲಂನ ನಮ್ಮ ಮನೆಯಲ್ಲಿ ಮಗ್ಗ ಮಾತ್ರ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ನೇಯುವುದು, ಆಮೇಲೆ ಗೋಡೆಗೆ ಒರಗಿ ಕೂರುವುದು. ಯಾಕಪ್ಪ ಎಂದರೆ, "ಮೈಯಾಗೆ ಸತ್ವ ಇಲ್ಲ ಕಣಮ್ಮ" ಅನ್ನುವರು.

ಮೆಟ್ಟೂರಿನ ಚಿಕ್ಕಪ್ಪ ಸಿಂಗಪುರದ ಟೂರಿಗೆ ಹೋಗಿಬಂದಾಗ ಅಣ್ಣನಿಗೆಂದು, ಚೀನಾ ಕಡೆಯವರು ಶಕ್ತಿಗೆ ಕುಡಿಯುವ ಜಿನ್ಸೆಂಗ್ ಬೇರಿನ ಪುಡಿ ತಂದುಕೊಟ್ಟರು. "ಬಿಸಿನೀರಿಗೆ ಆಕ್ಕೊಂಡು ಕುಡಿಯಣ್ಣ. ಬೇರು ತಾನೆ, ಏನೂ ಆಗಲ್ಲ" ಎಂದಿದ್ದರಂತೆ. ನಾನು ಧರ್ಮಪುರಿಯ ಕಾಲೇಜೊಂದರಲ್ಲಿ ಫಾರ್ಮಸಿ ಪಾಠ ಮಾಡುವವಳು. ಬೆಳಗಿನ ಬಸ್ಸಿಗೆ ಹೋದರೆ ಮನೆ ಸೇರುವುದು ಸಂಜೆಗೇ. ಅಮ್ಮನ ಲೆಕ್ಕದಲ್ಲಿ ಅದೂ ಒಂದು ಥರದ ಟೀ. ಹಾಗಾಗಿ ಆ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಅಪ್ಪ ಗೋಡೆಗೆ ಒರಗುವುದು ಕಮ್ಮಿಯಾದದ್ದು ಕಣ್ಣಿಗೆ ಬಿತ್ತು, ಖುಷಿಯಾಯಿತು.

ಮುಂದಿನ ರಕ್ತಪರೀಕ್ಷೆಯಲ್ಲಿ ಮಾತ್ರೆಯ ಕೆಲಸ ಕುಗ್ಗಿದ್ದು ಗೊತ್ತಾಯಿತು. ಮಾತ್ರೆ ಬಿಟ್ಟಿರಾ, ಮಾತ್ರೆಗೆ ಅಡ್ಡಬರುವ ಸೊಪ್ಪು ಜಾಸ್ತಿ ತಿಂದಿರಾ ಎಂದು ಡಾಕ್ಟರು ತಮಿಳಿನಲ್ಲಿ ಒಂದೊಂದೇ ಕೇಳಿದರು. ಎಲ್ಲದಕ್ಕೂ ಅಮ್ಮ ಇಲ್ಲವೆಂದರು. ಕೊನೆಗೆ ಅಪ್ಪನೇ ನನ್ನ ಕಡೆ ತಿರುಗಿ, "ತಮ್ಮ ಕೊಟ್ಟ ಬೇರಿನ ಟೀ ಕುಡೀತಿವ್ನಿ. ಅದನ್ನೂ ಏಳ್ಬೇಕಾ?" ಎಂದರು. ಡಾಕ್ಟರು ಅದನ್ನು ನಿಲ್ಲಿಸಲು ಹೇಳಿದರು.

ಮನೆಗೆ ಬಂದು ಅಪ್ಪ ಕೇಳಿದರು: "ಅದರಾಗೆ ಏನೈತೆ ಅಂತ ನಂಗೆ ತಿಳೀಬೇಕು."

ಒಂದು ಬಾಟಲಿಗೆ ಪುಡಿ, ನೀರು ಹಾಕಿ ಕುಲುಕಿದೆ. ಮೇಲೆ ನೊರೆ ಎದ್ದು ಹಾಗೇ ನಿಂತಿತು. ರೇಷ್ಮೆ ಸೀರೆ ಒಗೆಯುವ ಅಂಟುವಾಳದ ನೀರಿನಂಗೈತೆ ಎಂದರು ಅಮ್ಮ. ಹೌದು, ಎರಡರಲ್ಲೂ ಸಪೋನಿನ್ ಎಂಬ ಜಾತಿಯ ವಸ್ತು ಇದೆ, ಅದೇ ನೊರೆ ಬರಿಸುವುದು ಎಂದೆ. ಜಿನ್ಸೆಂಗಿನಲ್ಲಿರುವುದಕ್ಕೆ ಜಿನ್ಸೆನೊಸೈಡ್ ಎಂದು ಹೆಸರು. ಅದರಲ್ಲೇ ಹಲವು ಬಗೆ. ಬೇರಿನ ವಯಸ್ಸು, ತಳಿ, ಹಬೆಯಲ್ಲಿ ಬೇಯಿಸಿ ಒಣಗಿಸಿದರೋ ಇಲ್ಲವೋ ಎಂಬುದರ ಮೇಲೆ ಪ್ರಮಾಣ ಬದಲಾಗುತ್ತದೆ. ಅಮ್ಮ ಚಟ್ನಿ ಅರೆಯುವ ವಲ್ಲಾರೆ ಸೊಪ್ಪು, ಅಂದರೆ ಒಂದೆಲಗ, ಈ ಗಿಡಕ್ಕೆ ದೂರದ ನೆಂಟ. ದಣಿವಿಗೆ ಒಳ್ಳೆಯದೆಂದು ಜಿನ್ಸೆಂಗ್ ಕುಡಿಯುವವರು ಬಹಳ ಜನ, ಆದರೆ ಎಷ್ಟು ನಿಜ ಎಂಬುದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ಅಪ್ಪನ ಮಾತ್ರೆಯ ಬಲವನ್ನು ಮಾತ್ರ ಕೆಲವರಲ್ಲಿ ಅದು ತಗ್ಗಿಸಬಹುದು.

ಎಲ್ಲ ಕೇಳಿ ಅಪ್ಪ ಎಂದರು: "ಅಂಗಾರೆ ನಂಗೆ ಬಂದ ಸತ್ವ ಸುಳ್ಳಾ?"

"ಸುಳ್ಳಲ್ಲಪ್ಪ. ಅದು ಈ ಬೇರಿಂದಲೇ ಬಂತಾ ಅಂತ ನಂಗೆ ಗೊತ್ತಿಲ್ಲ."

ನಿಜಕ್ಕೂ ಗೊತ್ತಿರಲಿಲ್ಲ. ಆಪರೇಷನ್ ಆದ ಮೈ ತಾನಾಗಿ ಚೇತರಿಸಿಕೊಳ್ಳುವ ಕಾಲವೂ ಅದೇ ಆಗಿತ್ತು. ಕುಡಿದೆಯಾ, ಹೇಗಿದ್ದೀಯ ಎಂದು ಚಿಕ್ಕಪ್ಪ ಆಗಾಗ ಫೋನ್ ಮಾಡುತ್ತಿದ್ದರಂತೆ. ವರ್ಷಗಟ್ಟಲೆ ಹಬ್ಬಕ್ಕಷ್ಟೇ ಮಾತಾಡಿದ ಅಣ್ಣ ತಮ್ಮಂದಿರು. ಆ ಫೋನಿನಲ್ಲಿ ಎಷ್ಟು ಸತ್ವ ಇತ್ತೆಂದು ಯಾವ ಲ್ಯಾಬಿನಲ್ಲಿ ನೋಡುವುದು?

ಪುಡಿ ನಿಲ್ಲಿಸಿದ ಮೇಲೆ ರಕ್ತ ಮತ್ತೆ ಹದಕ್ಕೆ ಬಂತು. ಸುದ್ದಿ ತಿಳಿದ ಚಿಕ್ಕಪ್ಪ ಮೆಟ್ಟೂರಿನಿಂದ ಓಡಿಬಂದು, ತಲೆ ತಗ್ಗಿಸಿ ಕೂತರು. ಅಪ್ಪ ಅವರ ತೊಡೆ ತಟ್ಟಿ, "ಬೇರು ಒಳ್ಳೇದೇ ಕಣಲಾ. ನನ್ನ ಮಾತ್ರೆಗೂ ಅದಕ್ಕೂ ಆಗ್ಬರಲ್ಲ, ಅಷ್ಟೇಯ. ನೀ ಫೋನ್ ಮಾಡೋದು ಬಿಡ್ಬೇಡ" ಎಂದರು.

ಈಗ ಅಪ್ಪ ಬೆಳಿಗ್ಗೆ ಮಾತ್ರ ನೇಯುತ್ತಾರೆ. ಕೆಲವು ದಿನ ಚೆನ್ನಾಗಿ ಸಾಗುತ್ತದೆ, ಕೆಲವು ದಿನ ಬೇಗ ಮಗ್ಗದಿಂದ ಎದ್ದುಬಿಡುತ್ತಾರೆ. ಯಾಕೆಂದು ನಾವು ಕೇಳುವುದಿಲ್ಲ.