ಹಾರುವವನ ಕೊನೆಯ ರೀಲು

ಚಳ್ಳಕೆರೆಯ ನಮ್ಮ ಥಿಯೇಟರಿನಲ್ಲಿ ಸಿನಿಮಾ ಪೂರ್ತಿ ತೋರಿಸುವ ಪದ್ಧತಿ ಇರಲಿಲ್ಲ. ಮ್ಯಾಟಿನಿ ಮುಗಿಸಿಕೊಂಡು ಹಳ್ಳಿಯವರು ಐದೂವರೆಯ ಬಸ್ಸು ಹಿಡಿಯಬೇಕಿತ್ತು. ಸಿನಿಮಾ ಉದ್ದವಾದರೆ ಆಪರೇಟರ್ ಮಧ್ಯದ ಒಂದು ರೀಲು ಬಿಟ್ಟುಬಿಡುತ್ತಿದ್ದ. ನಾಯಕಿಗೆ ಹೋದ ಕಣ್ಣು ಹೇಗೆ ಬಂತು, ಅಣ್ಣತಮ್ಮಂದಿರು ಯಾವಾಗ ಒಂದಾದರು ಎಂಬುದನ್ನೆಲ್ಲ ನಾವು ಊಹೆ ಮಾಡಿಕೊಂಡೇ ಬೆಳೆದವರು. ಯಾರೂ ದೂರುತ್ತಿರಲಿಲ್ಲ. ಬಸ್ಸು ತಪ್ಪಿದರೆ ಮಾತ್ರ ಗಲಾಟೆ.

ತೊಂಬತ್ತರ ದಶಕದ ಕೊನೆಗೆ ಅಲ್ಲಿಗೆ ಹಾರುವ ಹೀರೋನ ಕೊನೆಯ ಸಿನಿಮಾ ಬಂತು. ಕೆಂಪು ಶಾಲು ಹೊದ್ದು ಹಾರುತ್ತಿದ್ದ ಆ ಹೀರೋನ ಒಂದು ಸಿನಿಮಾವನ್ನೂ ಅಪ್ಪ ಬಿಟ್ಟವನಲ್ಲ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಕೈ ನಡುಗಲು ಶುರುವಾಗಿ, ಓಡುತ್ತಿದ್ದ ಯಂತ್ರದೊಳಗೆ ಎರಡು ಸಲ ಸ್ಪ್ಯಾನರ್ ಬೀಳಿಸಿದ್ದ. ಸಾಹುಕಾರರು ಹೊಸ ಫಿಟ್ಟರನ್ನು ತಂದರು. "ಗೇಟ್ ಹತ್ರ ಸ್ಟೂಲ್ ಹಾಕಿಸ್ತೀನಿ, ಸುಮ್ನೆ ಕೂತ್ಕೊಳ್ರಿ. ಇಲ್ಲಾಂದ್ರೆ ಮನೇಲಿರ್ರಿ. ಸೋಮವಾರ ಹೇಳ್ರಿ" ಎಂದರು.

ಏನು ಹೇಳ್ತೀಯ ಎಂದು ಅವ್ವ ದಿನಾ ಕೇಳಿದಳು.

"ಸಿನಿಮಾ ನೋಡ್ಕಂಡು ಹೇಳ್ತೀನಿ" ಎಂದ ಅಪ್ಪ.

ಅವ್ವನಿಗೆ ಮೈಯೆಲ್ಲ ಉರಿದುಹೋಯಿತು. ನಾನಾಗ ಕಾಲೇಜಿನಲ್ಲಿದ್ದೆ. ನನಗೆ ಅದು ಅಷ್ಟೇನೂ ಹುಚ್ಚುತನ ಅನಿಸಲಿಲ್ಲ. ಮೂವತ್ತು ವರ್ಷ ಮಾಡಿದ ಕೆಲಸ ಬಿಡುವುದು ಹೇಗೆಂದು ಅವನಿಗೆ ಹೇಳಿಕೊಡಬಲ್ಲವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ.

ಶನಿವಾರದ ಮ್ಯಾಟಿನಿಗೆ ಇಬ್ಬರೂ ಹೋದೆವು. ಹೀರೋಗೆ ಮಂಡಿನೋವು. ಹಾರುವುದಕ್ಕೆ ಮೊದಲು ಮೆಟ್ಟಿಲು ಹತ್ತಬೇಕು, ಹತ್ತುವಾಗಲೇ ಏದುಸಿರು. ಇಂಟರ್‌ವಲ್ಲಿಗೆ ಮೊದಲೇ ಖಳನಾಯಕ ಸತ್ತ. ಆಮೇಲೆ ಹೀರೋ ಕೆಂಪು ಶಾಲನ್ನು ಒಬ್ಬ ಹುಡುಗಿಗೆ ಕೊಟ್ಟು ಮನೆಗೆ ಬಂದು, ಮೊಮ್ಮಗನ ಅಂಗಿಗೆ ಗುಂಡಿ ಹೊಲಿಯಲು ಕೂತ. ಸೂಜಿಗೆ ದಾರ ಹೋಗಲಿಲ್ಲ. ಸೊಸೆ ಪೋಣಿಸಿಕೊಟ್ಟಳು. ಹೊಲಿದ. ಥಿಯೇಟರಿನ ದೀಪ ಹತ್ತಿತು.

"ಲೇ, ರೀಲ್ ಹಾಕಲೇ!" ಎಂದು ಇಡೀ ಥಿಯೇಟರು ಕೂಗಿತು. ಆಪರೇಟರ್ ಕಿಂಡಿಯಿಂದ ತಲೆ ಹಾಕಿ, "ಅಲ್ಲಾ ಕಸಮ್, ಇಷ್ಟೇ ಇರೋದು" ಎಂದ. ಅಷ್ಟು ವರ್ಷ ರೀಲು ಹಾರಿಸಿದವನ ಮಾತು ಯಾರು ನಂಬುತ್ತಾರೆ? ಹೊರಗೆ ಬಂದಾಗ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಅದೊಂದೇ ಸಾಕ್ಷಿ ಅಪ್ಪನಿಗೆ ಸಾಕಾಯಿತು. ಕೊನೆಯನ್ನು ನುಂಗಿಹಾಕಿದ್ದಾರೆಂದು ತೀರ್ಮಾನಿಸಿದ.

ಅದೇ ಸಿನಿಮಾ ಮೊಳಕಾಲ್ಮುರಿನಲ್ಲೂ ನಡೆಯುತ್ತಿತ್ತು. ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿದೆವು.

ಅಲ್ಲೂ ಮಂಡಿನೋವು, ಅಲ್ಲೂ ಗುಂಡಿ. ಆದರೆ ಅಲ್ಲಿ ದೀಪ ಹತ್ತಲಿಲ್ಲ. ಗುಂಡಿ ಹೊಲಿದವನು ಮರುಕ್ಷಣ ಆಕಾಶದಲ್ಲಿದ್ದ. ತಲೆಕೂದಲು ಕಪ್ಪಾಗಿತ್ತು, ಸೊಂಟ ಸಣ್ಣದಾಗಿತ್ತು. ಸತ್ತುಹೋಗಿದ್ದ ಖಳನಾಯಕನನ್ನೇ ಹಿಡಿದು ಹತ್ತು ನಿಮಿಷ ಬಡಿದ. ಜನ ಕುರ್ಚಿ ಮೇಲೆ ನಿಂತು ಕುಣಿದರು. ನಾನೂ ಶಿಳ್ಳೆ ಹೊಡೆದೆ. ಪಕ್ಕದಲ್ಲಿ ಅಪ್ಪನ ಮುಖ ನೋಡಿ ಬಾಯಿಂದ ಬೆರಳು ತೆಗೆದೆ.

ಅಪ್ಪ ನೇರವಾಗಿ ಪ್ರೊಜೆಕ್ಟರ್ ಕೋಣೆಗೆ ಹತ್ತಿದ. ಅಲ್ಲಿಯ ಆಪರೇಟರಿಗೆ ಮುಚ್ಚಿಡುವ ಅಭ್ಯಾಸವೇ ಇರಲಿಲ್ಲ.

"ಹಳೇ ಸಿನಿಮಾದ ಫೈಟ್ ಅಣ್ಣಾ. ನಾನೇ ಅಂಟಿಸ್ದೆ. ಗುಂಡಿ ಹೊಲಿಯೋದ್ರಾಗೆ ಮುಗಿದ್ರೆ ಜನ ಕುರ್ಚಿ ಮುರೀತಾರೆ. ಏಂ ಚೇಯಾಲಿ, ಏನ್ ಮಾಡ್ಲಿ?"

"ಹಂಗಾದ್ರೆ ನಿಜವಾದ ಕೊನೆ ಗುಂಡೀನೇನಾ?"

"ಅದೇ ಅಣ್ಣಾ."

ವಾಪಸು ಬಸ್ಸು ಬಿ.ಜಿ. ಕೆರೆ ದಾಟಿತು. ಅಪ್ಪ, "ಸೂಜಿಗೆ ದಾರ ಪೋಣ್ಸಾಕೂ ಆಗ್ಲಿಲ್ಲ ಅವ್ನಿಗೆ" ಎಂದ.

"ಆಮೇಲೆ ಹೊಲಿದ್ನಲ್ಲಪ್ಪ."

"ಹೊಲ್ದ. ಹೊಲಿಗೆ ಚೆನ್ನಾಗೇ ಇತ್ತು. ಯಾರೋ ಅಂಟಿಸಿದ್ರು ಅಂತ ಹಾರೋದಕ್ಕಿಂತ ಅದೇ ವಾಸಿ ಬಿಡು."

ನನಗೆ ವಾಸಿ ಅನಿಸಲಿಲ್ಲ. ಮೊಳಕಾಲ್ಮುರಿನ ಜನರೇ ಸರಿ ಅನಿಸಿತು.

ಸೋಮವಾರ ಅಪ್ಪ ಮಿಲ್ಲಿಗೆ ಹೋಗಿ, ಸ್ಟೂಲು ಬೇಡವೆಂದು ಹೇಳಿ, ತನ್ನ ಸಲಕರಣೆಗಳನ್ನೆಲ್ಲ ಹೊಸ ಫಿಟ್ಟರಿಗೆ ಕೊಟ್ಟು ಹನ್ನೊಂದಕ್ಕೆಲ್ಲ ವಾಪಸು ಬಂದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಅವ್ವ ಊಟಕ್ಕೆ ಇಟ್ಟಳು. ನಮ್ಮ ಮನೆ ಮಿಲ್ಲಿನ ಹಿಂದಿನ ಓಣಿಯಲ್ಲಿತ್ತು, ಯಂತ್ರಗಳ ಸದ್ದು ಒಳಗೇ ಕೇಳುತ್ತಿತ್ತು. ಎರಡು ತುತ್ತು ತಿಂದಿದ್ದ, ಅಷ್ಟರಲ್ಲಿ ಕೈ ನಿಂತಿತು.

"ಮೂರನೇ ಮಿಷನ್ನು ಒದ್ದಾಡ್ತೈತೆ" ಎಂದ.

ನಮಗೆ ಕೇಳಿಸಿದ್ದು ಬರೀ ಗದ್ದಲ. ಅವನು ಎಂಜಲು ಕೈ ತೊಳೆದು, ಅಂಗಿ ತೊಟ್ಟು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತ. ಯಾರಾದರೂ ಕರೆಯಲು ಓಡಿಬರುತ್ತಾರೆಂದು ಮೂವರೂ ಓಣಿಯನ್ನೇ ನೋಡಿದೆವು. ಯಾರೂ ಬರಲಿಲ್ಲ. ಯಂತ್ರ ನಿಂತಿತು. ಹತ್ತು ನಿಮಿಷ ಬಿಟ್ಟು ಮತ್ತೆ ಶುರುವಾಯಿತು. ಅಪ್ಪ ತಲೆ ವಾಲಿಸಿ ಕೇಳಿದ.

"ಸರಿ ಮಾಡ್ದ" ಎಂದು ಹೇಳಿ ಚಪ್ಪಲಿ ಬಿಟ್ಟ.

ಹೊಸಬನ ಕೈಲಿ ಅದು ಸರಿಯಾಗದಿರಲಿ ಎಂದು ಆ ಹತ್ತು ನಿಮಿಷ ಅಪ್ಪ ಎಷ್ಟು ಆಸೆಪಟ್ಟಿದ್ದನೆಂಬುದು ಮುಖದಲ್ಲೇ ಕಾಣುತ್ತಿತ್ತು. ನನಗೂ ಅದೇ ಆಸೆಯಿತ್ತು.