ಕದ್ದ ಜೀನಿನ ಮೇಷ್ಟ್ರು

ನಮ್ಮ ಸಿಡುಬು ಮೇಷ್ಟ್ರಿಗೆ ಸಿಡುಬೇನೂ ಬಂದಿಲ್ಲ. ಆ ಜಾತಿಯ ವೈರಸ್ಸುಗಳನ್ನು ಪ್ರಯೋಗಾಲಯದಲ್ಲಿ ಸಾಕಿ ಸಾಕಿ ತಲೆ ಬೋಳಾಯಿತು, ಅಷ್ಟೇ, ಎನ್ನುತ್ತಾರೆ ಅವರೇ. ಯಾರು ಸಿಕ್ಕರೂ, ಲಿಫ್ಟಿನಲ್ಲಾದರೂ ಸರಿ, ಅಂಗಿ ಗುಂಡಿ ಹಿಡಿದು ನಿಲ್ಲಿಸಿ ಅದೇ ಕಥೆ: "ಈ ಕಳ್ಳ ವೈರಸ್ಸು ಯಾವುದೋ ಕಾಲದಲ್ಲಿ ತಾನು ಹೊಕ್ಕ ಮೈಯಿಂದಲೇ ಒಂದು ಜೀನು ಎಗರಿಸಿದೆ ಕಣ್ರೀ, ಬೆಳವಣಿಗೆಯ ಜೀನು! ಈಗ ಅಕ್ಕಪಕ್ಕದ ಜೀವಕೋಶಗಳಿಗೆಲ್ಲ ಅವುಗಳದೇ ಭಾಷೇಲಿ 'ಬೆಳೀರಪ್ಪಾ, ಬೆಳೀರಿ' ಅಂತ ಪುಸಲಾಯಿಸುತ್ತೆ. ಅವು ಬೆಳೆದಷ್ಟೂ ಇದಕ್ಕೆ ಬಿಟ್ಟಿ ಬಿಡಾರ. ಏನಂತೀರಿ?" ಎಂದು ಚಪ್ಪಾಳೆ ತಟ್ಟುತ್ತಾರೆ. ಆ ಜೀನನ್ನು ಕಿತ್ತುಹಾಕಿ ವೈರಸ್ಸು ಎಷ್ಟು ಸೊರಗುತ್ತದೆಂದು ನೋಡುವುದು ಅವರ ಕಸುಬು. ಅದೇ ಪರೀಕ್ಷೆಯನ್ನು ತಮ್ಮ ಮೇಲೂ ಮಾಡಿಕೊಳ್ಳುತ್ತಾರೆ. ಜೇಬಿನ ಪೆನ್ನು ಸಹೋದ್ಯೋಗಿಯದು, ಕೊಡೆ ಕಾವಲುಗಾರನದು, ಕನ್ನಡಕ ಹೆಂಡತಿಯದು. "ಎಲ್ಲಾ ಕಿತ್ತರೆ ನನ್ನದು ಅಂತ ಉಳಿಯೋದು ಈ ಹೊಟ್ಟೆ ಒಂದೇ. ಅದು ಯಾವ ಜೀನಿನ ಹಂಗೂ ಇಲ್ದೆ ಬೆಳೆದಿದೆ!" ಮಾತಿನ ವರಸೆಯಂತೂ ಪೂರ್ತಿ ಅವರ ಅಕ್ಕನದು. ಆ 'ಏನಂತೀರಿ', ಆ ಚಪ್ಪಾಳೆ, ಎಲ್ಲವನ್ನೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಕ್ಕನಿಂದಲೇ ಎಗರಿಸಿದ್ದು. "ನನ್ನ ಬಂಡವಾಳಾನೆಲ್ಲ ಹೊತ್ಕೊಂಡು ಹೋದ ಕಳ್ಳ" ಎಂದು ಅವಳು ಬೈಯುತ್ತಿದ್ದಳು. ಪಾರ್ಶ್ವವಾಯು ಬಡಿದ ಮೇಲೆ ಅಕ್ಕನ ಮಾತು ನಿಂತಿದೆ. ಈಗ ಪ್ರತಿ ಭಾನುವಾರ ಮೇಷ್ಟ್ರು ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಅದೇ ಕಥೆಯನ್ನು ಅದೇ ವರಸೆಯಲ್ಲಿ ಹೇಳಿ, "ಏನಂತೀರಿ?" ಎಂದು ಚಪ್ಪಾಳೆಗೆ ಒಂದೇ ಕೈ ಎತ್ತಿ ಕಾಯುತ್ತಾರೆ. ಅಕ್ಕ ತನ್ನ ಸರಿಯಿರುವ ಕೈಯನ್ನು ನಿಧಾನವಾಗಿ ಎತ್ತಿ ಆ ಕೈಗೆ ತಟ್ಟುತ್ತಾಳೆ.